ತೋಳಿಗೆ ಹೋಗುವ ಅನ್ನ

ಊಟಕ್ಕೆ ಕೂರುವ ಮುಂಚೆ ಉಣ್ಣೆಯ ದಾರ ಹಿಡಿದು ತನ್ನ ತೋಳನ್ನೂ ಸೊಂಟವನ್ನೂ ಅಳೆದುಕೊಂಡು, ಆಮೇಲೆ ತಟ್ಟೆಯ ಕಡೆ ಅನುಮಾನದಿಂದ ನೋಡುವ ಹೆಂಗಸನ್ನು ನೀವು ಯಾರಾದರೂ ಕಂಡಿದ್ದೀರಾ? ಈಗಿನವರ ಮಾತಲ್ಲ. ಈಗ ನನ್ನ ಮೊಮ್ಮಗಳೂ ಅಳೆದುಕೊಳ್ಳುತ್ತಾಳೆ, ಅಳೆದ ಮೇಲೆ ಫೋಟೋ ಬೇರೆ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಮಾತು, ತಳಕಿನ ಪಕ್ಕದ ನಮ್ಮ ತವರೂರಿನ ಮಾತು. ಅಲ್ಲಿ ಆಗ ಅಳತೆ ಅಂದರೆ ಹೊಲಕ್ಕೆ ಮತ್ತು ಕಂಬಳಿಗೆ. ಸೊಂಟಕ್ಕೆ ಅಳತೆ ತೆಗೆದವಳು ಒಬ್ಬಳೇ, ನಮ್ಮತ್ತಿಗೆ. ನಮ್ಮಣ್ಣನ ಹೆಂಡತಿ.

ಹೆಸರು ಬರೆಯುವುದಿಲ್ಲ. ಈ ಫೋನಿನಲ್ಲಿ ಒಂದೇ ಬೆರಳಲ್ಲಿ ಕುಟ್ಟುವುದನ್ನು ಕಲಿತು ನನಗಿನ್ನೂ ಮೂರು ತಿಂಗಳು. ಎಲ್ಲಿ ಒತ್ತಿದರೆ ಯಾರಿಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ಅವಳಿಗೇ ಹೋಗಿಬಿಟ್ಟರೆ ಮುಂದಿನ ಬಸ್ಸಿಗೆ ಬಂದು ಕಿವಿ ಹಿಂಡುತ್ತಾಳೆ. ಹಿಂಡಿದರೆ ಕಿವಿ ಕೈಗೇ ಬರುತ್ತದೆ, ಅಂಥ ತೋಳು ಅವಳದು. ಆ ತೋಳಿನ ಕಥೆಯೇ ಇದು.

ನಮ್ಮದು ಕಂಬಳಿ ನೇಯುವ ಮನೆ. ಹೆಂಗಸರು ರಾಟೆಯಲ್ಲಿ ಉಣ್ಣೆ ನೂಲಬೇಕು, ಗಂಡಸರು ಮಗ್ಗಕ್ಕೆ ಕೂತು ನೇಯಬೇಕು. ಯಾರು ಮಾಡಿದ ಕಟ್ಟಳೆಯೋ, ಯಾರೂ ಕೇಳಿರಲಿಲ್ಲ. ಒಂದು ವರ್ಷ ಶಿವರಾತ್ರಿಯ ಮುಂದೆ ಅಣ್ಣ ಹುಣಸೆ ಮರ ಬಡಿಯಲು ಹತ್ತಿ, ಹಣ್ಣಿಗಿಂತ ಮುಂಚೆ ತಾನೇ ಉದುರಿದ. ಬಲಭುಜ ಕೂತುಹೋಯಿತು. ಕಟ್ಟು ಹಾಕಿಸಿದರು, ಎಣ್ಣೆ ತಿಕ್ಕಿಸಿದರು, ಕೈ ಎದೆಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಮಗ್ಗ ನಿಂತಿತು. ದೀಪಾವಳಿ ಬರುವ ಹೊತ್ತಿಗೆ ಮಗ್ಗದ ಗುಂಡಿಯಲ್ಲಿ ಕೋಳಿ ಮೊಟ್ಟೆಯಿಡಲು ಶುರುಮಾಡಿತ್ತು.

ನಾನು ಬಿ.ಜಿ. ಕೆರೆಯ ಗಂಡನ ಮನೆಯಿಂದ ಹಬ್ಬಕ್ಕೆ ಬಂದಿದ್ದೆ. ಎಲ್ಲರೂ ಒಬ್ಬಟ್ಟು ತಿನ್ನುತ್ತಿದ್ದೆವು. ಉಪ್ಪು ಕೊಡಿ ಅನ್ನುವಷ್ಟು ಸಲೀಸಾಗಿ ಅತ್ತಿಗೆ ಹೇಳಿದಳು, ‘ಮಗ್ಗದಾಗೆ ನಾನು ಕೂತ್ಕಂತೀನಿ.’

ಅಣ್ಣನಿಗೆ ಒಬ್ಬಟ್ಟು ನೆತ್ತಿಗೇರಿತು. ಕೆಮ್ಮಿ, ನೀರು ಕುಡಿದು, ‘ಕೂತ್ಕಳಾದು ಆಮ್ಯಾಲೆ. ಮೊದ್ಲು ಇಳಿ, ನೋಡಾನ’ ಅಂದ.

ನಮ್ಮ ಮಗ್ಗ ಪಡಸಾಲೆಯಲ್ಲಿತ್ತು. ನೇಯುವವರು ನೆಲದ ಅಂಚಿಗೆ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಡಬೇಕು. ಬೆನ್ನಿಗೆ ಗೋಡೆ. ಹೊಟ್ಟೆಯ ಮುಂದೆ, ನೇಯ್ದ ಕಂಬಳಿಯನ್ನು ಸುತ್ತುವ ಅಡ್ಡಮರ, ಎರಡು ಕಂಬಕ್ಕೆ ಸಿಕ್ಕಿಸಿರುವುದು. ಗೋಡೆಗೂ ಮರಕ್ಕೂ ನಡುವೆ ಇದ್ದದ್ದು ನಮ್ಮಣ್ಣನ ಸೊಂಟದಷ್ಟು ಜಾಗ. ನಮ್ಮಣ್ಣನಿಗೆ ಸೊಂಟ ಅಂತ ಒಂದು ಇತ್ತೇ ಅನ್ನುವುದೇ ಊರಿನ ಅನುಮಾನ.

ಅತ್ತಿಗೆ ಸೆರಗು ಸಿಕ್ಕಿಸಿ ಇಳಿದಳು. ಇಳಿದವಳು ಅಲ್ಲೇ ಉಳಿದಳು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ನಾನೂ ಪಕ್ಕದ ಮನೆಯವಳೂ ಒಂದೊಂದು ರಟ್ಟೆ ಹಿಡಿದು ಎಳೆಯುತ್ತಿದ್ದರೆ ಅಣ್ಣ ಬಾಗಿಲಲ್ಲಿ ನಿಂತು, ‘ಎಣ್ಣೆ ತರ್ಲಾ?’ ಅಂತ ಕೇಳುತ್ತಿದ್ದ.

ಹೊರಬಂದ ಅತ್ತಿಗೆ ಸೊಂಟ ಉಜ್ಜಿಕೊಳ್ಳುತ್ತ ಹೇಳಿದಳು, ‘ಕಂಬ ಒಂದ್ ಗೇಣು ಮುಂದಕ್ಕೆ ಹಾಕ್ರಿ, ಸರಿಯಾಗ್ತೈತೆ.’

‘ನಮ್ಮ ತಾತ ನೆಟ್ಟಿರಾ ಕಂಬ. ನಿನ್ನ ಸೊಂಟಕ್ಕೆ ಅಂತ ಕೀಳಾಕಾಗ್ತೈತಾ? ಸೊಂಟನೇ ಹಿಂದಕ್ಕೆ ಹಾಕ್ಕ. ಅದೂ ಬಿಡು, ತೋಳು ನೋಡ್ಕ. ಎಳೆ ಬಿಗಿಯಾಗಿ ಕೂರಂಗೆ ಹಲಗೆ ಎಳೆದು ಬಡಿಯಾಕೆ ತೋಳು ಬೇಕು. ನಿಂದು ಸೊಪ್ಪಿನ ದಂಟು.’

‘ತೋಳು ಬಂದ್ರೆ?’

‘ಯುಗಾದಿ ಗಂಟ ಟೈಮು. ಒಂದು ಕಂಬಳಿ ನೇಯಿ. ನೀರು ಹುಯ್ದರೆ ಸೋರಬಾರ್ದು. ಸೋರದಿದ್ರೆ ಮಗ್ಗ ನಿಂದು. ಸೋರ್ತೋ, ಗುಂಡಿ ಮುಚ್ಚಿ ಗಾರೆ ಹಾಕಿಸಿ ಟೀವಿ ಇಡ್ತೀನಿ.’

ಅವತ್ತು ಹಿತ್ತಿಲಲ್ಲಿ ಪಾತ್ರೆ ಬೆಳಗುವಾಗ ಕೇಳಿದೆ, ಅತ್ತಿಗೆ, ಈ ಹಟ ಯಾಕೆ ನಿನಗೆ ಅಂತ. ಅವಳು ಬೂದಿ ಹಚ್ಚಿದ ಕೈಯನ್ನು ನಿಲ್ಲಿಸಲೇ ಇಲ್ಲ. ‘ಲಂಗ ಹಾಕ್ಕಳಾ ಕಾಲದಿಂದ ನೂತಿದೀನಿ ಕಣೇ. ನೂತು ನೂತು ಕೊಟ್ಟೆ, ಯಾರ್ಯಾರೋ ಕಂಬಳಿ ಮಾಡಿದ್ರು. ಒಂದ್ ಸಲ ಕೊನೆ ಗಂಟ ನಾನೇ ಹೋಗಿ ನೋಡ್ಬೇಕು.’

ತಾಪತ್ರಯ ಅರ್ಥವಾಯಿತಲ್ಲ? ಸೊಂಟ ಕರಗಬೇಕು, ತೋಳು ಬೆಳೆಯಬೇಕು, ಎರಡೂ ಒಂದೇ ಹೊಟ್ಟೆಯಿಂದ ಆಗಬೇಕು. ಕರಿ ಉಣ್ಣೆಯ ದಾರ ಸೊಂಟಕ್ಕೆ, ಬಿಳಿಯದು ತೋಳಿಗೆ. ಎಂಟು ದಿನಕ್ಕೊಮ್ಮೆ ಸುತ್ತಿ, ಅಳತೆ ಮುಟ್ಟಿದಲ್ಲಿ ಒಂದು ಗಂಟು. ಎರಡನ್ನೂ ಬಾಗಿಲ ಗೂಟಕ್ಕೆ ನೇತುಹಾಕಿದಳು.

ಮೊದಲ ಎಂಟು ದಿನ ಊಟವನ್ನೇ ಬಿಟ್ಟಳು. ಮಜ್ಜಿಗೆ ಕುಡಿದುಕೊಂಡು ಓಡಾಡಿದಳು. ಕರಿ ದಾರದಲ್ಲಿ ಗಂಟು ಎರಡು ಬೆರಳು ಹಿಂದೆ ಬಂತು. ಬಿಳಿ ದಾರದಲ್ಲೂ ಒಂದು ಬೆರಳು ಹಿಂದೆ ಬಂತು! ಸೊಂಟಕ್ಕೆ ಹೇಳಿದ್ದು ತೋಳಿಗೂ ಕೇಳಿಸಿಬಿಟ್ಟಿತ್ತು. ಒಂಬತ್ತನೇ ದಿನ ರಾಟೆಯ ಮುಂದೆ ಕಣ್ಣು ಕತ್ತಲೆ ಬಂದು ವಾಲಿದಳು. ಅಣ್ಣ ಮುಖಕ್ಕೆ ನೀರು ಚಿಮುಕಿಸುತ್ತ, ‘ಇಬ್ರಲ್ಲಿ ಒಬ್ರಿಗಾದ್ರೂ ಕೈ ಇರ್ಲಿ ಕಣೇ ಮನ್ಯಾಗೆ’ ಅಂದ.

ಅದಾದ ಮೇಲೆ ನಾನೂ ಅತ್ತಿಗೆಯೂ ಚಳ್ಳಕೆರೆ ಬಸ್ಸು ಹತ್ತಿದೆವು. ನನಗೇನು ಕೆಲಸ ಅಂತ ಕೇಳಬೇಡಿ. ಅತ್ತಿಗೆಯ ದಾರದ ಗಂಟು ಎಲ್ಲಿಗೆ ಬಂತು ಅನ್ನುವುದು ನನ್ನನ್ನೂ ಬಿ.ಜಿ. ಕೆರೆಯಲ್ಲಿ ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ. ಅವ್ವನಿಗೆ ಕಾಲು ನೋವು, ಅವ್ವನಿಗೆ ಕೆಮ್ಮು ಅಂತ ಗಂಡನ ಮನೆಯಲ್ಲಿ ಹೇಳಿ ಹೇಳಿ ಬರುತ್ತಿದ್ದೆ. ಅವ್ವ ಗಟ್ಟಿಮುಟ್ಟಾಗಿದ್ದಳು ಪಾಪ, ನನ್ನ ಬಾಯಲ್ಲೇ ಅವಳಿಗೆ ಅಷ್ಟೆಲ್ಲ ಕಾಯಿಲೆ ಬಂತು.

ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳ ಹಿಂದಿನ ಓಣಿಯಲ್ಲಿ ಒಂದು ಗರಡಿ ಇತ್ತು. ಹೆಂಗಸರು ಒಳಗೆ ಹೋಗುವಂತಿಲ್ಲ. ಅತ್ತಿಗೆ ಕಿಟಕಿಯ ಸರಳು ಹಿಡಿದು ನಿಂತು ಉಸ್ತಾದರನ್ನು ಕರೆದಳು. ವಯಸ್ಸಾದವರು, ಬಿಳಿ ಗಡ್ಡ, ಗೇಟಿನಂಥ ಎದೆ.

‘ತೋಳು ಬರಕ್ಕೆ ಏನು ತಿನ್ಬೇಕು ಉಸ್ತಾದ್ರೇ?’

‘ಮಗನಿಗಾ ಅಕ್ಕಾ?’

‘ನಂಗೆ.’

ಉಸ್ತಾದರು ಕೈಯಲ್ಲಿದ್ದ ಗದೆಯನ್ನು ಮೆಲ್ಲಗೆ ಕೆಳಗಿಟ್ಟರು. ಒಳಗಿದ್ದ ಪೈಲ್ವಾನರು ಬಸ್ಕಿ ಹೊಡೆಯುವುದನ್ನು ಅರ್ಧಕ್ಕೇ ನಿಲ್ಲಿಸಿ ಹಾಗೇ ಕುಕ್ಕರುಗಾಲಲ್ಲಿ ಕೂತರು. ಅತ್ತಿಗೆ ಮಗ್ಗ, ಗುಂಡಿ, ಯುಗಾದಿ, ಎರಡು ದಾರ, ಎಲ್ಲ ಒಪ್ಪಿಸಿದಳು. ಉಸ್ತಾದರು ನಗಲಿಲ್ಲ. ಅವರು ನಗಲಿಲ್ಲ ಅನ್ನುವುದಕ್ಕೇ ಅವರ ಮಾತು ನನಗೆ ಇಂದಿಗೂ ನೆನಪಿದೆ.

‘ಊಟ ಬಿಡ್ಬೇಡಿ ಅಕ್ಕಾ, ಬಿಲ್ಕುಲ್ ಬಿಡ್ಬೇಡಿ. ಪಿಷ್ಟ, ಅಂದ್ರೆ ಅನ್ನ, ಮುದ್ದೆ ಇರ್ತದಲ್ಲ, ಅದು ಮೈಗೆ ಸೌದೆ. ಸೌದೆ ಹಾಕ್ದಿದ್ರೆ ಒಲೆ ಏನ್ ಮಾಡ್ತದೆ? ಮನೆ ಬಾಗ್ಲೇ ಕಿತ್ತು ಉರಿಸ್ತದೆ. ನಿಮ್ಮ ತೋಳು ಸಣ್ಣ ಆಗಿದ್ದು ಹಂಗೆ. ಆದ್ರೆ ಎಂಥ ಸೌದೆ, ಅದು ನೋಡ್ಬೇಕು. ಬಿಳಿ ಅಕ್ಕಿ, ಸಕ್ರೆ, ಮೈದಾ, ಇವೆಲ್ಲ ಜೋಳದ ದಂಟು. ಭಗ್ ಅಂತ ಉರೀತದೆ, ಬೂದಿ. ಮತ್ತೆ ಹಸಿವು, ಮತ್ತೆ ತಿನ್ನೋದು, ಉಳಿದಿದ್ದೆಲ್ಲ ಸೊಂಟಕ್ಕೆ. ರಾಗಿ, ನವಣೆ, ಗೆಣಸು, ಹುರುಳಿ, ಇವು ಜಾಲಿ ಕೊರಡು. ನಿಧಾನಕ್ಕೆ ಉರೀತದೆ. ಕೆಲ್ಸಕ್ಕೆ ಮುಂಚೆ ಉಣ್ಣಿ, ಮಲಗೋ ಮುಂಚೆ ಕಮ್ಮಿ ಮಾಡಿ. ಜೊತೆಗೆ ಕಾಳು, ಮೊಟ್ಟೆ. ಶೇಂಗಾ ಒಂದು ಹಿಡಿ.’

ಹಿಡಿ ಅಂದವರು ತಮ್ಮ ಮುಷ್ಟಿ ನೋಡಿಕೊಂಡು ಗಾಬರಿಯಾದರು. ‘ಹಿಡಿ ನಿಮ್ದು ಅಕ್ಕಾ, ನಂದಲ್ಲ.’

ಅಷ್ಟು ಕೇಳಿದ್ದೇ ತಡ, ಅತ್ತಿಗೆಗೆ ಲೋಕದಲ್ಲಿರುವ ತಿನ್ನುವ ಪದಾರ್ಥವೆಲ್ಲ ಎರಡೇ ಜಾತಿಯಾಯಿತು. ತೋಳಿಗೆ ಹೋಗುವುದು, ಸೊಂಟಕ್ಕೆ ಹೋಗುವುದು. ಬಸ್ಸಿಗೆ ಮುಂಚೆ ಪೇಟೆಯಲ್ಲಿ ಅಂಗಡಿ ಅಂಗಡಿ ಹತ್ತಿದಳು. ಮಂಡಕ್ಕಿ ಚೀಲಕ್ಕೆ ಕೈ ಹಾಕಿ, ‘ಇದು ಎಲ್ಲಿಗೆ ಹೋಗ್ತೈತೆ?’ ಅಂತ ಕೇಳಿದಳು.

ಅಂಗಡಿಯವನು ಪಾಪ, ವ್ಯಾಪಾರದ ಗಲಾಟೆಯಲ್ಲಿದ್ದ. ‘ಹಿರಿಯೂರಿಗೆ ಹೋಗ್ತೈತೆ ಅಕ್ಕಾ, ಲಾರಿ ಬರ್ತೈತೆ ಈಗ’ ಅಂದ.

ಆಮೇಲಿನ ತಿಂಗಳು ನಮ್ಮ ಮೈದುನನ ಮಗಳ ಮದುವೆ, ಬಿ.ಜಿ. ಕೆರೆಯಲ್ಲಿ. ಅತ್ತಿಗೆ ಬಂದಳು, ಬಗಲಲ್ಲಿ ಒಂದು ಟವೆಲಿನ ಗಂಟು. ಮುಯ್ಯಿ ಅಂದುಕೊಂಡು ನಮ್ಮತ್ತೆ ಕೈ ನೀಡಿದರು. ಅತ್ತಿಗೆ ಗಂಟನ್ನು ಹಿಂದಕ್ಕೆಳೆದುಕೊಂಡಳು. ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆ ಗಂಟು ಬಿಚ್ಚಿದಳು. ಒಳಗಿದ್ದದ್ದು ನವಣೆ ಅನ್ನ. ಬಡಿಸುವವರು ಸುತ್ತ ನಿಂತರು. ಬೀಗರು ಎದ್ದು ಬಂದರು. ಪಕ್ಕದ ಎಲೆಯಲ್ಲಿ ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವವರ ಮನೆಯ ಹಿರಿಯಮ್ಮ ಒಬ್ಬರಿದ್ದರು.

‘ಏಮಮ್ಮಾ, ಸಕ್ರೆ ಕಾಯ್ಲೇನಾ?’

‘ಇಲ್ರಿ, ಮಗ್ಗದ ಕಾಯ್ಲೆ.’

ಹಿರಿಯಮ್ಮ ಅವಳ ರಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಸೀರೆಯ ಸೆರಗು ಪರೀಕ್ಷಿಸುವ ಹಾಗೆ ಹೊಸಕಿ ನೋಡಿದರು. ‘ರೇಷ್ಮೆಗಾದ್ರೆ ಸಾಕು. ಕಂಬಳಿಗೆ ಇನ್ನೂ ಬೇಕಮ್ಮಾ’ ಅಂದು, ತಮ್ಮ ಎಲೆಯ ಹುರುಳಿಕಾಳಿನ ಪಲ್ಯವನ್ನು ಅವಳ ಎಲೆಗೆ ತಳ್ಳಿದರು. ನಮ್ಮತ್ತೆ ನನ್ನೊಡನೆ ನಾಲ್ಕು ದಿನ ಮಾತು ಬಿಟ್ಟರು. ನಾನೇನು ಮಾಡಿದ್ದೆ? ನನ್ನ ಎಲೆಯಲ್ಲಿ ಅನ್ನವೇ ಇತ್ತಲ್ಲ.

ಇಷ್ಟಕ್ಕೇ ನಿಂತಿದ್ದರೆ ಅವಳು ನಮ್ಮತ್ತಿಗೆ ಯಾಕಾಗುತ್ತಿದ್ದಳು? ನಿಧಾನಕ್ಕೆ ಉರಿಯುವ ಸೌದೆ ನಿಧಾನಕ್ಕೇ ಕೆಲಸ ಮಾಡುತ್ತದೆ. ಅವಳಿಗೆ ನಿಧಾನ ಅನ್ನುವುದೇ ಆಗದು. ದಿನಕ್ಕೆ ಮೂರು ಸಲ ಅಳೆಯುತ್ತಿದ್ದಳು. ಉಣ್ಣುತ್ತ ಉಣ್ಣುತ್ತ ಹಜಾರದಲ್ಲಿ ಅಡ್ಡಾಡುತ್ತಿದ್ದಳು. ಅಷ್ಟರಲ್ಲಿ ಸಂಕ್ರಾಂತಿಯೂ ಕಳೆಯಿತು.

ಕಂಬಳಿ ನೇಯುವ ಮುಂಚೆ ಹಾಸಿನ ಎಳೆಗಳನ್ನು ಬೀದಿಯಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆಬೀಜ ಬೇಯಿಸಿ ಅರೆದ ಗಂಜಿಯನ್ನು ಬಳಿಯುತ್ತೇವೆ. ಒಣಗಿದರೆ ಎಳೆ ಬಿಗಿಯುತ್ತದೆ. ಆ ದಿನ ಗಂಜಿ ಬಳಿಯುತ್ತಿದ್ದ ಅತ್ತಿಗೆ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. ಅವಳ ಕೈ ನಿಂತದ್ದನ್ನು ನೋಡಿ ನನಗೆ ಭಯವಾಯಿತು.

‘ನೋಡೇ ಇಲ್ಲಿ. ಗಂಜಿ ಹಾಕಾಕೆ ಮುಂಚೆ ಈ ಎಳೆ ಹೆಂಗಿತ್ತು?’

‘ಜೋತುಬಿದ್ದಿತ್ತು.’

‘ಈಗ?’

‘ಕಡ್ಡಿ ಆಗೈತೆ.’

‘ದಪ್ಪ ಆಯ್ತಾ? ಇಲ್ಲ. ಗಟ್ಟಿ ಆಯ್ತು. ನಂಗೆ ಬೇಕಾಗಿರಾದು ಇದೇ ಅಲ್ವೇನೇ? ಅಷ್ಟು ದೂರ ಚಳ್ಳಕೆರೆಗೆ ಹೋಗಿ ಕೇಳಿ ಬಂದ್ವಿ. ಉತ್ರ ನಮ್ಮ ಮಡಕ್ಯಾಗೇ ಐತೆ.’

ನಿಜ ಹೇಳಲೇ? ನನಗೂ ಸರಿ ಅನ್ನಿಸಿತು. ನಮ್ಮ ಮನೆಯಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಸರಿ ಅನ್ನಿಸುತ್ತಿತ್ತು. ತಾತ ಮುತ್ತಾತನ ಕಾಲದಿಂದ ಆ ಗಂಜಿ ಕುಡಿದ ಎಳೆ ಒಂದಾದರೂ ದಪ್ಪಗಾದದ್ದನ್ನು ಕಂಡವರುಂಟೇ?

ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ಮೂರು ದಿನ ಕುಡಿದಳು. ಮೂರನೇ ದಿನ ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿದಳು. ಒಳಗಿನದು ಹೊರಗೆ ಬರುವ ದಾರಿಯೇ ಮುಚ್ಚಿಹೋಗಿತ್ತು.

‘ಒಳಗೆ ಹಾಸು ಹೂಡಿದಂಗೈತೆ ಕಣೇ’ ಅಂದಳು ನನಗೆ.

ಅಣ್ಣ ಎಡಗೈಯಲ್ಲಿ ಹರಳೆಣ್ಣೆ ಲೋಟ ಹಿಡಿದುಕೊಂಡು ಬಂದ. ‘ಹಾಸಾಯ್ತಲ್ಲ, ಇನ್ನು ಹೊಕ್ಕು ಯಾವಾಗ ಹೊಡೀತೀಯ?’ ಅಂತ ಕೇಳಿ, ಮೂಗು ಹಿಡಿಸಿ ಕುಡಿಸಿದ. ರಾತ್ರಿಗೆ ಹೊಟ್ಟೆ ಇಳಿಯಿತು. ಮಾರನೇ ದಿನ ಅಣ್ಣ ತಳಕಿಗೆ ಹೋಗಿ ಒಂದು ಚೀಲ ಗೆಣಸು ತಂದು ಅಡುಗೆಮನೆ ಬಾಗಿಲಲ್ಲಿ ಇಳಿಸಿದ. ಯಾಕೆ ಅಂದರೆ, ‘ದಾರ್ಯಾಗೆ ಸಿಕ್ತು’ ಅಂದ. ದಾರಿಯಲ್ಲಿ ಗೆಣಸು ಸಿಗುವ ಊರು ಯಾವುದೋ, ನಾನಂತೂ ಕಂಡಿಲ್ಲ.

ಅಲ್ಲಿಂದ ಅತ್ತಿಗೆ ದಾರಿಗೆ ಬಂದಳು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ರಾಗಿ ಮುದ್ದೆ, ಹುರುಳಿ ಸಾರು. ಮಧ್ಯಾಹ್ನ ನವಣೆ ಅನ್ನ, ಮೊಟ್ಟೆ. ನಡುವೆ ಬೇಯಿಸಿದ ಗೆಣಸು. ಸಂಜೆ ಅರ್ಧ ಮುದ್ದೆ, ಸೊಪ್ಪು. ನವಣೆಯನ್ನು ಮಿಲ್ಲಿಗೆ ಹಾಕಿಸಲು ಅವಳು ಒಪ್ಪಲಿಲ್ಲ, ಮಿಲ್ಲಿನವನು ತೌಡೆಲ್ಲ ತೆಗೆದುಬಿಡುತ್ತಾನೆ ಅಂತ. ಒರಳಿಗೆ ಹಾಕಿ ಒನಕೆಯಲ್ಲಿ ತಾನೇ ಕುಟ್ಟುತ್ತಿದ್ದಳು. ನವಣೆ ಕುಟ್ಟುವುದು ಅಂದರೆ ಏನು ಗೊತ್ತೇ? ಒಂದು ಪಾವು ಅಕ್ಕಿ ಬರುವ ಹೊತ್ತಿಗೆ ಎರಡು ಪಾವು ಬೆವರು ಬರುತ್ತದೆ. ಮನೆಯವರಿಗೆ ಆದದ್ದು ಸಾಲದು ಅಂತ ಅಕ್ಕಪಕ್ಕದವರ ನವಣೆಯನ್ನೂ ಕೇಳಿ ತಂದು ಕುಟ್ಟಿಕೊಟ್ಟಳು. ಊರ ಹೆಂಗಸರು ಅವಳನ್ನು ಇನ್ನೂ ನಾಲ್ಕು ಯುಗಾದಿ ಹಾಗೇ ಇರಲಪ್ಪಾ ಅಂತ ಹರಸಿದರು.

ಬಿಳಿ ದಾರದ ಗಂಟು ಮುಂದಕ್ಕೆ ಹೋಗತೊಡಗಿತು. ಕರಿ ದಾರದ್ದು ಹಿಂದಕ್ಕೆ. ತಿಂದದ್ದು ತೋಳಿಗೆ ಹೋಯಿತೋ, ಕುಟ್ಟಿದ್ದು ತೋಳಿಗೆ ಬಂತೋ, ನಾನು ಹೇಳಲಾರೆ. ತಿನ್ನದಿದ್ದರೆ ಕುಟ್ಟಲಾಗುತ್ತಿರಲಿಲ್ಲ, ಕುಟ್ಟದಿದ್ದರೆ ತಿಂದದ್ದು ಸೊಂಟಕ್ಕೇ ಹೋಗುತ್ತಿತ್ತು ಅನ್ನುವಷ್ಟು ಮಾತ್ರ ನನಗೆ ಗೊತ್ತಾಯಿತು.

ಶಿವರಾತ್ರಿ ಮುಗಿದ ಮೂರನೇ ದಿನ ಅವಳು ಮಗ್ಗಕ್ಕೆ ಇಳಿದಳು. ಈ ಸಲ ಸಿಕ್ಕಿಕೊಳ್ಳಲಿಲ್ಲ. ಹೊಟ್ಟೆ ಅಡ್ಡಮರಕ್ಕೆ ಒತ್ತುತ್ತಿತ್ತು, ದೊಡ್ಡ ಉಸಿರು ತೆಗೆದರೆ ಮರ ಕಿರುಗುಟ್ಟುತ್ತಿತ್ತು. ಸಣ್ಣ ಸಣ್ಣ ಉಸಿರಲ್ಲೇ ನೇಯ್ದಳು. ಮೊದಮೊದಲು ಹಲಗೆಯ ಸದ್ದು ರೊಟ್ಟಿ ತಟ್ಟಿದ ಹಾಗಿತ್ತು. ಅಣ್ಣ ಹೊರಗೆ ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತಿರುತ್ತಿದ್ದ. ನೋಡುವುದಿಲ್ಲ ಅಂತ ಹಟ. ಕಿವಿ ಮಾತ್ರ ಒಳಗೇ.

‘ಮೆತ್ತಗಾಯ್ತು’ ಅನ್ನುತ್ತಿದ್ದ, ತಿರುಗದೆ.

‘ಗೊತ್ತೈತೆ ಸುಮ್ಕಿರ್ರಿ.’

‘ಗೊತ್ತಿದ್ರೆ ಇನ್ನೊಂದ್ ಹೊಡಿ.’

ದಿನ ಕಳೆದಂತೆ ಸದ್ದು ಗಟ್ಟಿಯಾಯಿತು. ಕೊನೆಯ ವಾರ ಹಲಗೆ ಬಿದ್ದರೆ ಗೋಡೆಯ ಗೂಡಿನಲ್ಲಿದ್ದ ಚಿಮಣಿ ದೀಪ ಅದುರುತ್ತಿತ್ತು. ಅಣ್ಣ ‘ಮೆತ್ತಗಾಯ್ತು’ ಅನ್ನುವುದನ್ನೇ ಬಿಟ್ಟ.

ಯುಗಾದಿಯ ಹಿಂದಿನ ದಿನ ಕಂಬಳಿ ಮಗ್ಗದಿಂದ ಇಳಿಯಿತು. ನಾನು, ಅವ್ವ, ಪಕ್ಕದ ಮನೆಯವರಿಬ್ಬರು ನಾಲ್ಕು ಮೂಲೆ ಹಿಡಿದು ಅಂಗಳದಲ್ಲಿ ನಿಂತೆವು, ನಡುವೆ ಬೋಗುಣಿಯ ಹಾಗೆ ಜೋಲು ಬಿಟ್ಟು. ಒಂದು ಎಲೆಅಡಿಕೆ ಅಗಿದು ಉಗುಳುವಷ್ಟು ಹೊತ್ತು ನೀರು ನಿಲ್ಲಬೇಕು, ಅದು ನಮ್ಮ ಕಡೆಯ ಲೆಕ್ಕ. ಅಣ್ಣ ಎಡಗೈಯಲ್ಲಿ ಕೊಡ ಬಗ್ಗಿಸಿದ. ಅವ್ವ ಬಾಯಿಗೆ ಎಲೆ ಹಾಕಿಕೊಂಡಳು.

ನೀರು ನಿಂತಿತು. ಕರಿ ಕಂಬಳಿಯ ನಡುವೆ ಆಕಾಶ ಕಾಣಿಸಿತು. ಅವ್ವ ಅಗಿಯುತ್ತಿದ್ದಳು. ನಾನು ಅವ್ವನ ದವಡೆಯನ್ನೇ ನೋಡುತ್ತಿದ್ದೆ. ಬೇಗ ಬೇಗ ಅಗಿಯಬಾರದೇ ಈ ಮುದುಕಿ? ಅತ್ತಿಗೆ ಕಂಬಳಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಮೇಲೆ ನೋಡುತ್ತಿದ್ದಳು. ಮೊದಲ ಹನಿ ಅವಳ ಹಣೆಯ ಮೇಲೆಯೇ ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಎಣಿಸುವ ಅಗತ್ಯವಿರಲಿಲ್ಲ.

ಅಣ್ಣ ಬಗ್ಗಿ ಕಂಬಳಿಯ ಅಡಿಗೆ ಅಂಗೈ ಇಟ್ಟ. ಈ ತುದಿಯಿಂದ ಆ ತುದಿಯವರೆಗೆ ಸರಿಸುತ್ತ ಹೋದ. ನೆಟ್ಟಗಾಗಿ, ‘ಸೋರ್ತು’ ಅಂದು ಒಳಗೆ ಹೋದ.

ಅತ್ತಿಗೆ ಕಂಬಳಿಯ ಕೆಳಗಿಂದ ಎದ್ದು ಬಂದಳು. ಹಸಿ ಕಂಬಳಿಯನ್ನು ಗೋಡೆಯ ಮೇಲೆ ಹರವಿದಳು, ಸುಕ್ಕು ಬಿಡಿಸಿದಳು. ಆಮೇಲೆ ಕಟ್ಟೆಯ ಮೇಲೆ ಕೂತಳು. ದೀಪಾವಳಿಯಿಂದ ಇಲ್ಲಿಯವರೆಗೆ ಅವಳು ಕೆಲಸವಿಲ್ಲದೆ ಕೂತದ್ದನ್ನು ನಾನು ನೋಡಿರಲಿಲ್ಲ.

‘ಅಕ್ಕಿ ಅನ್ನ ಐತೇನೇ ಮನ್ಯಾಗೆ?’

ಇತ್ತು. ತಟ್ಟೆಗೆ ಹಾಕಿ, ಸಾರು ಬಿಟ್ಟು ತಂದುಕೊಟ್ಟೆ. ಅವಳು ದಾರಕ್ಕೆ ಕೈ ಹಾಕಲಿಲ್ಲ. ತಲೆ ತಗ್ಗಿಸಿ ಕಲಸಿಕೊಂಡು ತಿನ್ನತೊಡಗಿದಳು. ಐದು ತಿಂಗಳ ಮೇಲೆ ತಿನ್ನುತ್ತಿದ್ದ ಬಿಳಿ ಅನ್ನ ಅದು. ಆಗಲೇ ಒಳಗಿಂದ ಹಾರೆಯ ಸದ್ದು ಕೇಳಿಸಿತು. ಪಡಸಾಲೆಯಲ್ಲಿ ನೆಲ ಅಗೆಯುವ ಸದ್ದು.

ನನಗೆ ಮೈಯೆಲ್ಲ ಉರಿಯಿತು. ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ನುಗ್ಗಿದೆ. ಅಣ್ಣ ಮಂಡಿಯೂರಿ ಕೂತಿದ್ದ. ಎಡಗೈಯಲ್ಲಿ ಹಾರೆ, ಏಳದ ಬಲಗೈಯನ್ನು ಅದರ ಬುಡಕ್ಕೆ ಊರಿಕೊಂಡಿದ್ದ. ಬೆನ್ನೆಲ್ಲ ಬೆವರು.

‘ಅಷ್ಟು ಅವಸರ ಏನಣ್ಣಾ ನಿಂಗೆ? ಅವಳು ಉಣ್ಣಾ ಹೊತ್ನಾಗೇ ಮುಚ್ಬೇಕಾ ಗುಂಡಿ? ಹಬ್ಬ ಆದ್ರೂ ಕಳೀಲಿ ಅಂತ ಇಲ್ವಾ?’

ಅವನು ತಿರುಗಲೂ ಇಲ್ಲ. ‘ಕಣ್ಣು ಕಾಣಲ್ವೇನೇ ನಿಂಗೆ? ಮುಚ್ಚಾನು ಮಣ್ಣು ಒಳಕ್ಕೆ ಹಾಕ್ತಾನೋ ಹೊರಕ್ಕೆ ಹಾಕ್ತಾನೋ? ಸೋರಿದ್ದು ಮೊದ್ಲು ನೇಯ್ದಿದ್ ಅರ್ಧ. ಆಮ್ಯಾಲಿನ ಅರ್ಧದಾಗೆ ನನ್ನ ಕೈ ಒದ್ದೆ ಆಗ್ಲಿಲ್ಲ. ಕಂಬ ಒಂದ್ ಗೇಣು ಮುಂದಕ್ಕೆ ಹಾಕ್ತಿದೀನಿ. ನಿಂತ್ಕಂಡು ನೋಡ್ಬ್ಯಾಡ, ಹೋಗಿ ಅವಳಿಗೆ ಇನ್ನೊಂದ್ ಸೌಟು ಅನ್ನ ಹಾಕು.’